ಗೋಡೆ ನೋಡಿ ಬಣ್ಣ ಆರಿಸಿ: ಸುಣ್ಣ, ಸಗಣಿ ಪೇಂಟ್, ಡಿಸ್ಟೆಂಪರ್, ಎಮಲ್ಷನ್ ಹೋಲಿಕೆ

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಊರಿನ ಮನೆಗೆ ಮಣ್ಣಿನ ಗೋಡೆ. ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದು ಅಲ್ಲಿನ ರೂಢಿ. ತಮ್ಮನ ಮದುವೆಯ ವರ್ಷ ನಾನೇ ಹಟ ಹಿಡಿದು ನಡುಮನೆಗೆ ದುಬಾರಿ ಎಮಲ್ಷನ್, ಅಂದರೆ ನೀರಿನಲ್ಲಿ ಕಲಸುವ ಪ್ಲಾಸ್ಟಿಕ್ ಪೇಂಟ್, ಹೊಡೆಸಿದೆ. ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರವಿತ್ತು. ವಾಸನೆಯೂ ಇರಲಿಲ್ಲ. ಮದುವೆಯ ಫೋಟೋಗಳಲ್ಲಿ ಗೋಡೆ ತುಂಬಾ ಚೆನ್ನಾಗಿ ಕಾಣುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನೆಲದಿಂದ ಮೂರಡಿವರೆಗೆ ಗುಳ್ಳೆ ಎದ್ದು, ಪದರ ಪದರವಾಗಿ ಸುಲಿದು ಬಂತು. ಅದರ ಜೊತೆ ಒಳಗಿನ ಮಣ್ಣೂ ಉದುರಿತು. "ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಹೊದೆಸಿದ್ರೆ ಬೆವರ್ತದೆ ಕಣೆ" ಅಂದರು ಅಮ್ಮ.

ಅದೇ ಪೇಂಟ್ ಬೆಂಗಳೂರಿನ ನಮ್ಮ ಫ್ಲ್ಯಾಟ್‌ನಲ್ಲಿ ಇವತ್ತಿಗೂ ಗಟ್ಟಿಯಾಗಿದೆ. ಪೇಂಟಿನದ್ದೇನೂ ತಪ್ಪಿರಲಿಲ್ಲ. ಗೋಡೆ ಬೇರೆಯದಾಗಿತ್ತು.

ಹಾಗಾಗಿ "ಪರಿಸರಕ್ಕೆ ಒಳ್ಳೆಯ ಪೇಂಟ್ ಯಾವುದು?" ಅಂತ ಯಾರಾದರೂ ಕೇಳಿದರೆ, ನಾನು ಮೊದಲು ಅವರ ಗೋಡೆಯ ಬಗ್ಗೆ ವಿಚಾರಿಸುತ್ತೇನೆ. ಎರಡು ವರ್ಷಕ್ಕೆ ಕಿತ್ತು ಬರುವ ಪೇಂಟ್ ಎಷ್ಟು ಶುದ್ಧವಾಗಿದ್ದರೂ ಪ್ರಯೋಜನವಿಲ್ಲ. ಮತ್ತೆ ಕೆರೆಸಬೇಕು, ಮತ್ತೆ ಹೊಡೆಸಬೇಕು. ಡಬ್ಬಿ, ದುಡ್ಡು, ಧೂಳು ಎಲ್ಲವೂ ಎರಡು ಪಟ್ಟು.

ಅಂಗಡಿಗೆ ಹೋಗುವ ಮುಂಚೆ ಎರಡು ಪರೀಕ್ಷೆ

ಗೋಡೆಯ ಮೇಲೆ ಒಂದಿಷ್ಟು ನೀರು ಚಿಮುಕಿಸಿ. ತಕ್ಷಣ ಹೀರಿಕೊಂಡು ಕಪ್ಪಾದರೆ ಅದು ಸುಣ್ಣ ಹಿಡಿಯುವ ಗೋಡೆ. ನೀರು ಹನಿಹನಿಯಾಗಿ ಕೆಳಗೆ ಜಾರಿದರೆ ಮೇಲೆ ಆಗಲೇ ಪ್ಲಾಸ್ಟಿಕ್ ಪೇಂಟಿನ ಪದರ ಇದೆ ಅಂತ ಅರ್ಥ. ಅದರ ಮೇಲೆ ಸುಣ್ಣ ನಿಲ್ಲುವುದಿಲ್ಲ.

ಎರಡನೆಯದು ತೇವದ ಪರೀಕ್ಷೆ. ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕೂತಿದ್ದರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ. ಆಗ ಯಾವ ಪೇಂಟ್ ಹಾಕಿದರೂ ವ್ಯರ್ಥ. ಮೊದಲು ಸೋರುವ ಪೈಪ್, ತಾರಸಿಯ ಬಿರುಕು, ಹೊರಗೋಡೆಗೆ ತಾಗಿ ನಿಲ್ಲುವ ಮಳೆನೀರು ಇವನ್ನು ಸರಿಮಾಡಿ. ಗೋಡೆ ಒಣಗಲು ವಾರಗಳೇ ಬೇಕು. ಮಣ್ಣಿನ ಗೋಡೆಯಾದರೆ ಒಂದು ಬೇಸಿಗೆ ಪೂರ್ತಿ ಬೇಕು.

ಸುಣ್ಣ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಸುಣ್ಣ ಅಂದರೆ ಬಡವರ ಮನೆಗೆ, ದನದ ಕೊಟ್ಟಿಗೆಗೆ ಅನ್ನುವ ಭಾವನೆ ಬಂದುಬಿಟ್ಟಿದೆ. ನನಗೆ ಅದು ಬೇಸರ ತರುತ್ತದೆ.

ಸುಣ್ಣದ ಕಲ್ಲನ್ನೋ ಚಿಪ್ಪನ್ನೋ ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುತ್ತಾರೆ. ಆಗ ಅದರೊಳಗಿನ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಉಳಿದದ್ದಕ್ಕೆ ನೀರು ಸೇರಿಸಿ ಅರಳಿಸಿದರೆ ಬಳಿಯುವ ಸುಣ್ಣ. ಗೋಡೆಗೆ ಹತ್ತಿದ ಮೇಲೆ ಅದು ಗಾಳಿಯಲ್ಲಿನ ಕಾರ್ಬನ್ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಗೂಡಿನಲ್ಲಿ ಉರಿಸಿದ ಸೌದೆ, ಕಲ್ಲಿದ್ದಲಿನ ಹೊಗೆ ಮಾತ್ರ ವಾಪಸ್ ಬರುವುದಿಲ್ಲ. ಆ ಲೆಕ್ಕವನ್ನೂ ಸೇರಿಸಿಯೇ ನಾನು ಸುಣ್ಣವನ್ನು ಮೇಲೆ ಇಡುತ್ತೇನೆ. ಅದರಲ್ಲಿ ಪೆಟ್ರೋಲಿಯಂ ಇಲ್ಲ, ಪ್ಲಾಸ್ಟಿಕ್ ಇಲ್ಲ, ಕೆಡದಂತೆ ಹಾಕುವ ಔಷಧಿಯೂ ಬೇಕಿಲ್ಲ. ಹೊಸ ಸುಣ್ಣದ ಕ್ಷಾರಗುಣ ಎಷ್ಟು ಜೋರು ಅಂದರೆ ಬೂಷ್ಟು ಬೆಳೆಯುವುದಕ್ಕೇ ಆಗುವುದಿಲ್ಲ. ಗೋಡೆಯ ತೇವವನ್ನು ಒಳಗೆ ಕಟ್ಟಿಹಾಕದೆ ಹೊರಗೆ ಬಿಡುತ್ತದೆ. ಮಲೆನಾಡು, ಕರಾವಳಿಯ ಮಣ್ಣು ಮತ್ತು ಕೆಂಪುಕಲ್ಲಿನ ಗೋಡೆಗಳಿಗೆ ಇದಕ್ಕಿಂತ ಒಳ್ಳೆಯ ಜೊತೆ ನಾನು ಕಂಡಿಲ್ಲ.

ಬಳಿಯುವ ಕ್ರಮ ಗೊತ್ತಿರಬೇಕು. ಸುಟ್ಟ ಸುಣ್ಣ ತಂದು ಮನೆಯಲ್ಲೇ ಅರಳಿಸುವುದಾದರೆ ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಸುಣ್ಣದ ರಾಶಿಗೆ ನೀರು ಸುರಿಯಬೇಡಿ, ಕುದ್ದು ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ರಬ್ಬರ್ ಗ್ಲೌಸ್ ಇರಲೇಬೇಕು. ಕಣ್ಣಿಗೆ ಬಿದ್ದ ಸುಣ್ಣ ದೃಷ್ಟಿಯನ್ನೇ ಕಳೆಯಬಹುದು. ಮಕ್ಕಳನ್ನು ಆ ಕಡೆ ಸುಳಿಯಲೂ ಬಿಡಬೇಡಿ. ಅರಳಿದ ಸುಣ್ಣ ರಾತ್ರಿಯಿಡೀ ನೆನೆಯಲಿ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಳ್ಳಿ. ಹಿಡಿತಕ್ಕೆ ಅಂಟು ಬೆರೆಸುವವರಿದ್ದಾರೆ, ಅಕ್ಕಿ ಗಂಜಿ ಬೆರೆಸುವವರೂ ಇದ್ದಾರೆ. ಗೋಡೆಯನ್ನು ನೀರಿನಿಂದ ಒದ್ದೆ ಮಾಡಿ, ತೆಳುವಾಗಿ ಮೂರು ಕೋಟು, ಒಂದು ಕೋಟಿಗೂ ಇನ್ನೊಂದಕ್ಕೂ ಒಂದು ದಿನ ಬಿಡುವು ಕೊಟ್ಟು ಬಳಿಯಬೇಕು. ಬಳಿದಾಗ ನೀರಿನಂತೆ ಕಾಣುತ್ತದೆ. ಬಿಳುಪು ಬರುವುದು ಒಣಗಿದ ಮೇಲೆ. ಅದು ಗೊತ್ತಿಲ್ಲದೆ "ಬಣ್ಣ ಹತ್ತುತ್ತಿಲ್ಲ" ಅಂತ ದಪ್ಪಗೆ ಬಳಿದರೆ ಒಂದೇ ತಿಂಗಳಲ್ಲಿ ಚಕ್ಕೆ ಏಳುತ್ತದೆ.

ಸುಣ್ಣಕ್ಕೆ ಬಣ್ಣ ಸೇರಿಸುವಾಗಲೂ ಎಚ್ಚರ ಬೇಕು. ಅದರ ಕ್ಷಾರವನ್ನು ಎಲ್ಲ ಬಣ್ಣಗಳೂ ತಡೆಯುವುದಿಲ್ಲ. ಅರಿಶಿನ ಹಾಕಿದರೆ ಹಳದಿ ಬರುತ್ತದೆ ಅಂದುಕೊಂಡರೆ, ಓಕುಳಿಯ ಹಾಗೆ ಕೆಂಪಾಗುತ್ತದೆ! ಬಿಸಿಲಿಗೆ ಅದೂ ಮಾಸುತ್ತದೆ. ಕೆಮ್ಮಣ್ಣು, ಹಳದಿ ಮಣ್ಣು, ಕಬ್ಬಿಣದ ಆಕ್ಸೈಡ್ ಪುಡಿ ಇವು ಭದ್ರ. ಬಟ್ಟೆಗೆ ಹಾಕುವ ನೀಲಿಯನ್ನು ಚೂರು ಬೆರೆಸಿ ಸುಣ್ಣದ ಬಿಳುಪು ಹೆಚ್ಚಿಸುವುದು ನಮ್ಮ ಕಡೆ ಹಳೆಯ ರೂಢಿ.

ಕೊರತೆಗಳನ್ನೂ ಹೇಳಬೇಕಲ್ಲ. ಒರಗಿ ಕೂತರೆ ಬೆನ್ನಿಗೆ ಬಿಳಿ ಹತ್ತುತ್ತದೆ. ಎಣ್ಣೆಯ ಕಲೆ ಒರೆಸಲು ಆಗುವುದಿಲ್ಲ, ಅದರ ಮೇಲೆ ಮತ್ತೆ ಬಳಿಯಬೇಕು ಅಷ್ಟೇ. ಎರಡು ಮೂರು ವರ್ಷಕ್ಕಾದರೂ ಹೊಸ ಕೋಟು ಬೇಕು. ಎಮಲ್ಷನ್ ಹೊಡೆದ ಫ್ಲ್ಯಾಟ್ ಗೋಡೆಗೆ ಇದು ಆಗಿಬರುವುದಿಲ್ಲ. ಇನ್ನು ಪಟ್ಟಣದಲ್ಲಿ ಸುಣ್ಣದ ಕೈ ಪಳಗಿದ ಪೇಂಟರ್ ಸಿಗುವುದೇ ಕಷ್ಟ. ಸುಣ್ಣ ಬಹಳ ಅಗ್ಗ, ಆದರೆ ಕೂಲಿ ಅಗ್ಗವಲ್ಲ.

ಸಗಣಿ ಪೇಂಟ್

ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ "ಖಾದಿ ಪ್ರಾಕೃತಿಕ್ ಪೇಂಟ್" 2021ರ ಜನವರಿಯಲ್ಲಿ ಬಿಡುಗಡೆಯಾಯಿತು. ಇದನ್ನು ರೂಪಿಸಿದ್ದು ಜೈಪುರದಲ್ಲಿರುವ ಕುಮಾರಪ್ಪ ರಾಷ್ಟ್ರೀಯ ಕೈಕಾಗದ ಸಂಸ್ಥೆ. ಡಿಸ್ಟೆಂಪರ್, ಎಮಲ್ಷನ್ ಎರಡೂ ರೂಪದಲ್ಲಿ ಬಂತು. ಆಗ ಹೇಳಿದ ದರ ಲೀಟರಿಗೆ 120 ಮತ್ತು 225 ರೂಪಾಯಿ. ಸೀಸ, ಪಾದರಸದಂಥ ಭಾರಲೋಹಗಳಿಲ್ಲ, ವಾಸನೆ ಇಲ್ಲ, ಬೂಷ್ಟು ತಡೆಯುತ್ತದೆ, ಮನೆ ತಂಪಾಗಿಡುತ್ತದೆ ಎಂದು ಎಂಟು ಲಾಭಗಳನ್ನು ಅವರು ಪಟ್ಟಿ ಮಾಡಿದ್ದರು.

ದನ ಸಾಕುವವರಿಗೆ ಸಗಣಿಯಿಂದ ಎರಡು ಕಾಸು ಸಿಗುತ್ತದೆ ಅನ್ನುವುದು ನನಗೆ ನಿಜಕ್ಕೂ ಇಷ್ಟವಾದ ವಿಷಯ. ಆದರೆ ಹೆಸರು ಕೇಳಿ ಇದನ್ನು ಅಜ್ಜಿ ಸಾರಿಸುತ್ತಿದ್ದ ಸಗಣಿ ಅಂದುಕೊಳ್ಳಬೇಡಿ. ಇದರಲ್ಲಿ ಸಗಣಿ ಒಂದು ಪಾಲು. ಬಿಳುಪಿಗೆ ಪಿಗ್ಮೆಂಟ್ ಬೇಕು, ಗೋಡೆಗೆ ಹಿಡಿಯಲು ಅಂಟು ಬೇಕು. ಮನೆ ತಂಪಾಗುತ್ತದೆ ಅನ್ನುವ ಮಾತನ್ನು ನಂಬಿ ಕೊಳ್ಳಬೇಡಿ. ಕಾಗದದಷ್ಟು ತೆಳುವಾದ ಒಂದು ಪದರ ಒಳಗೋಡೆಯ ಮೇಲೆ ಕೂತು ಬಿಸಿಲನ್ನು ಎಷ್ಟು ತಾನೇ ತಡೆದೀತು? ತಂಪು ಬೇಕಿದ್ದರೆ ತಾರಸಿಗೆ ಬಿಳಿ ಬಳಿಸಿ, ಫಲ ಕೈಗೆ ಸಿಗುತ್ತದೆ.

ಅಂಗಡಿಯ ಸಾಮಾನ್ಯ ಡಿಸ್ಟೆಂಪರ್ ಜಾಗಕ್ಕೆ ಇದು ಒಳ್ಳೆಯ ಬದಲಿ. ಆದರೆ ಬೇರೆ ಬೇರೆ ಊರಿನ ಸಣ್ಣ ಘಟಕಗಳಲ್ಲಿ ತಯಾರಾಗುವ ಮಾಲು ಅಲ್ವಾ, ಮೊದಲು ಒಂದು ಲೀಟರ್ ತಂದು ಬಾಗಿಲ ಹಿಂದಿನ ಗೋಡೆಗೆ ಹೊಡೆದು ನೋಡಿ. ಒಣಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಉಜ್ಜಿ. ಬಣ್ಣ ಬಟ್ಟೆಗೆ ಎಷ್ಟು ಬರುತ್ತದೆ ಅನ್ನುವುದೇ ಉತ್ತರ.

ಡಿಸ್ಟೆಂಪರ್

ಸೀಮೆಸುಣ್ಣದ ಪುಡಿ ಜಾಸ್ತಿ, ಅಂಟು ಕಡಿಮೆ. ಅಗ್ಗ. ಬಾಡಿಗೆ ಮನೆಗೆ ಮಾಲೀಕರು ಹೊಡೆಸುವುದು ಇದನ್ನೇ. ಕೈಯಾಡಿದ ಕಡೆ ಬೇಗ ಮಾಸುತ್ತದೆ, ತೊಳೆದರೆ ಹೋಗುತ್ತದೆ. ಇದರ ದೊಡ್ಡ ತೊಂದರೆ ಮುಂದೆ ಬರುತ್ತದೆ. ಮೇಲೆ ಎಮಲ್ಷನ್ ಹೊಡೆಸಬೇಕಾದರೆ ಪುಡಿಪುಡಿಯಾದ ಹಳೆ ಪದರವನ್ನೆಲ್ಲ ಕೆರೆಯಬೇಕು, ಇಲ್ಲದಿದ್ದರೆ ಹೊಸದೂ ಅದರ ಜೊತೆಗೇ ಕಿತ್ತು ಬರುತ್ತದೆ. ಸೀಲಿಂಗ್‌ಗೆ ಪರವಾಗಿಲ್ಲ, ಗೋಡೆಗೆ ನಾನು ಬೇಡ ಅನ್ನುತ್ತೇನೆ.

ಕಡಿಮೆ ವಿಒಸಿ ಎಮಲ್ಷನ್

ಸಿಮೆಂಟ್ ಗೋಡೆಯ ಫ್ಲ್ಯಾಟ್‌ಗಳಲ್ಲಿ ಇರುವವರಿಗೆ ವ್ಯಾವಹಾರಿಕವಾದ ಆಯ್ಕೆ ಇದೇ. ವಿಒಸಿ ಅಂದರೆ ಪೇಂಟ್ ಒಣಗುವಾಗ ಆವಿಯಾಗಿ ಗಾಳಿಗೆ ಸೇರುವ ರಾಸಾಯನಿಕಗಳು. ಹೊಸ ಪೇಂಟಿನ ಕೋಣೆಯಲ್ಲಿ ತಲೆ ಸಿಡಿಯುವುದು, ಕಣ್ಣು ಉರಿಯುವುದು ಹೆಚ್ಚಾಗಿ ಇವುಗಳಿಂದ.

ಡಬ್ಬಿಯ ಮೇಲಿನ ಹಸಿರು ಎಲೆಗೆ, "ಇಕೋ" ಅನ್ನುವ ಪದಕ್ಕೆ ಬೆಲೆ ಕೊಡಬೇಡಿ. "ವಾಸನೆ ಕಡಿಮೆ" ಅಂದರೆ ವಿಒಸಿ ಕಡಿಮೆ ಅಂತಲೂ ಅಲ್ಲ. ಅಂಕಿ ಕೇಳಿ: ಲೀಟರಿಗೆ ಎಷ್ಟು ಗ್ರಾಂ? ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಕಂಪನಿಯ ಟೆಕ್ನಿಕಲ್ ಡೇಟಾ ಶೀಟ್ ತೋರಿಸಲು ಹೇಳಿ. ಯುರೋಪ್ ಒಕ್ಕೂಟದಲ್ಲಿ ಒಳಗೋಡೆಯ ಮ್ಯಾಟ್ (ಹೊಳಪಿಲ್ಲದ) ಪೇಂಟಿಗೆ 2010ರಿಂದ ಲೀಟರಿಗೆ 30 ಗ್ರಾಂ ಮಿತಿಯಿದೆ. ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಿ. ನಮ್ಮಲ್ಲಿ ಭಾರತೀಯ ಕೈಗಾರಿಕಾ ಒಕ್ಕೂಟದ ಗ್ರೀನ್‌ಪ್ರೊ ಗುರುತು ಇದ್ದರೆ ಒಂದು ಮಟ್ಟಿನ ಭರವಸೆ. ಇನ್ನೊಂದು ಪ್ರಶ್ನೆ ಮರೆಯದೆ ಕೇಳಿ: ಈ ಅಂಕಿ ಬಿಳಿ ಬೇಸ್‌ದ್ದೋ, ಬಣ್ಣ ಬೆರೆಸಿದ ಮೇಲಿನದ್ದೋ? ಅಂಗಡಿಯ ಯಂತ್ರದಲ್ಲಿ ಬೆರೆಸುವ ಕಲರಂಟ್‌ಗಳಲ್ಲೂ ವಿಒಸಿ ಇರಬಹುದು. ಬಣ್ಣ ಗಾಢವಾದಷ್ಟೂ ಕಲರಂಟ್ ಜಾಸ್ತಿ.

"ಝೀರೋ ವಿಒಸಿ" ಅಂದರೂ ಎಲ್ಲವೂ ಸೊನ್ನೆಯಲ್ಲ. ನೀರಿನ ಪೇಂಟ್ ಡಬ್ಬಿಯಲ್ಲೇ ಕೆಡದಿರಲಿ ಅಂತ ಸಂರಕ್ಷಕ ರಾಸಾಯನಿಕ ಹಾಕಿರುತ್ತಾರೆ. ಕೆಲವರಿಗೆ ಅದರಿಂದ ಚರ್ಮದ ಅಲರ್ಜಿ ಆಗುತ್ತದೆ. ಆಸ್ತಮಾ, ಅಲರ್ಜಿ ಇರುವವರು ಮನೆಯಲ್ಲಿದ್ದರೆ ಕೋಣೆಯನ್ನು ಒಂದೆರಡು ವಾರ ಕಿಟಕಿ ತೆಗೆದಿಟ್ಟು ಆಮೇಲೆ ಬಳಸಿ.

ಎಷ್ಟು ಬೇಕು ಅನ್ನುವ ಲೆಕ್ಕವನ್ನೂ ನೀವೇ ಮಾಡಿ. 10ಕ್ಕೆ 12 ಅಡಿಯ ಕೋಣೆ, ಎತ್ತರ 10 ಅಡಿ ಅಂದರೆ ಗೋಡೆಗಳ ಮೈ 440 ಚದರ ಅಡಿ. ಒಂದು ಬಾಗಿಲು, ಒಂದು ಕಿಟಕಿ ಕಳೆದರೆ ಸುಮಾರು 400. ಎರಡು ಕೋಟು ಹೊಡೆದಾಗ ಲೀಟರಿಗೆ 100 ಚದರ ಅಡಿ ಬರುವ ಪೇಂಟ್ ಆದರೆ 4 ಲೀಟರ್ ಸಾಕು. ಪೇಂಟರ್ "10 ಲೀಟರ್ ತಂದುಬಿಡಿ ಮೇಡಂ" ಅಂದರೆ ತಲೆಯಾಡಿಸಬೇಡಿ.

ಪುಟ್ಟಿಯ ಬಗ್ಗೆಯೂ ಒಂದು ಮಾತು. ಗೋಡೆಯಿಡೀ ಎರಡು ಕೋಟು ಪುಟ್ಟಿ ಹಾಕಿ, ಉಪ್ಪುಕಾಗದದಲ್ಲಿ ಉಜ್ಜಿ ಕನ್ನಡಿ ಮಾಡುವುದು ಈಗ ಅಭ್ಯಾಸವಾಗಿಬಿಟ್ಟಿದೆ. ಆ ಧೂಳು ಕೆಲಸಗಾರರ ಎದೆಗೆ ಹೋಗುತ್ತದೆ. ಮ್ಯಾಟ್ ಪೇಂಟ್ ಹೊಡೆಸುವುದಾದರೆ ಬಿರುಕು, ಗುಂಡಿ ಇರುವ ಕಡೆ ಮಾತ್ರ ತುಂಬಿಸಿದರೆ ಸಾಕು. ಸಣ್ಣಪುಟ್ಟ ಏರುತಗ್ಗು ಮ್ಯಾಟ್‌ನಲ್ಲಿ ಕಾಣುವುದಿಲ್ಲ. ಕೆಲಸಕ್ಕೆ ಬಂದವರಿಗೆ ಮಾಸ್ಕ್ ನೀವೇ ತಂದುಕೊಡಿ.

ಬಾಗಿಲು, ಕಿಟಕಿ, ಗ್ರಿಲ್

ಗೋಡೆಗೆ ಅಷ್ಟೊಂದು ಯೋಚಿಸಿದವರು ಬಾಗಿಲಿನ ವಿಷಯದಲ್ಲಿ ಸುಮ್ನೆ ಇದ್ದುಬಿಡುತ್ತಾರೆ. ಮನೆಯ ಗಾಳಿ ಕೆಡುವುದು ಇಲ್ಲೇ. ಯುರೋಪಿನ ಮಿತಿಯನ್ನೇ ತೆಗೆದುಕೊಂಡರೂ ಎಣ್ಣೆ ಆಧಾರದ ಎನಾಮೆಲ್‌ಗೆ ಲೀಟರಿಗೆ 300 ಗ್ರಾಂ ವಿಒಸಿ. ಮೇಲಿನ ಕೋಣೆಯ 4 ಲೀಟರ್ ಎಮಲ್ಷನ್‌ನಿಂದ ಬರುವುದು ಹೆಚ್ಚೆಂದರೆ 120 ಗ್ರಾಂ. ಒಂದೇ ಲೀಟರ್ ಎನಾಮೆಲ್ ಅದರ ಎರಡೂವರೆ ಪಟ್ಟು. ಅದಕ್ಕೆ ಪೇಂಟರ್ ಸುರಿಯುವ ಥಿನ್ನರ್ ಹೆಚ್ಚುಕಡಿಮೆ ಪೂರ್ತಿ ಆವಿಯಾಗುವ ವಸ್ತು: 100 ಮಿಲಿಲೀಟರ್ ಹಾಕಿದರೆ ಸುಮಾರು 80 ಗ್ರಾಂ ಗಾಳಿಗೆ ಹೋಯಿತು ಅಂತಲೇ ಲೆಕ್ಕ.

ಈಗ ನೀರಿನಲ್ಲಿ ಕಲಸುವ ಎನಾಮೆಲ್ ಸಿಗುತ್ತದೆ. ಬೆಲೆ ಜಾಸ್ತಿ, ಹೊಳಪು ಸ್ವಲ್ಪ ಕಡಿಮೆ. ಮನೆಯೊಳಗಿನ ಬಾಗಿಲಿಗೆ ಅದನ್ನೇ ಹಾಕಿಸಿ. ಒಳ್ಳೆಯ ಮರದ ಬಾಗಿಲಾದರೆ ಬಣ್ಣವೇ ಬೇಡ, ಅಗಸೆ ಎಣ್ಣೆ ತೆಳುವಾಗಿ ಎರಡು ಮೂರು ಸಲ ಹಚ್ಚಿದರೆ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಿನಲ್ಲಿ ಅದ್ದಿಡಿ.

ಹಳೆಯ ಮನೆಯವರಿಗೆ ಇನ್ನೊಂದು ಎಚ್ಚರಿಕೆ. ಮನೆಬಳಕೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ದಾಟಬಾರದು ಎಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಿಂದ. ಅದಕ್ಕೂ ಹಿಂದಿನ ಎನಾಮೆಲ್‌ಗಳಲ್ಲಿ, ಅದರಲ್ಲೂ ಹಳದಿ, ಕೆಂಪು, ಹಸಿರು ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಅಂಥ ಕಿಟಕಿಯನ್ನು ಒಣಗಿದ್ದಾಗ ಉಜ್ಜಬೇಡಿ. ನೀರು ಹಚ್ಚಿ ಉಜ್ಜಿ, ಕೆಸರನ್ನು ಬಟ್ಟೆಯಲ್ಲಿ ಒರೆಸಿ ಕಟ್ಟಿಡಿ. ಆ ದಿನ ಮಕ್ಕಳು, ಬಸುರಿಯರು ಮನೆಯಲ್ಲಿರುವುದು ಬೇಡ. ಹಳೆಯ ಪದರ ಗಟ್ಟಿಯಾಗಿದ್ದರೆ ಕೆರೆಯದೆ ಅದರ ಮೇಲೇ ಹೊಸ ಕೋಟು ಹೊಡೆಯುವುದು ಇನ್ನೂ ಒಳ್ಳೆಯದು.

ಬಣ್ಣ ಯಾವುದು?

ಪೇಂಟಿನ ತಯಾರಿಕೆಯಲ್ಲಿ ಪರಿಸರಕ್ಕೆ ಅತಿ ಹೆಚ್ಚು ಭಾರವಾಗುವ ವಸ್ತುಗಳಲ್ಲಿ ಟೈಟಾನಿಯಂ ಡೈಆಕ್ಸೈಡ್ ಒಂದು. ಕಣ್ಣು ಕುಕ್ಕುವ ಬಿಳುಪು ಬರುವುದು ಅದರಿಂದಲೇ. ಇನ್ನೊಂದು ಕಡೆ, ಗೋಡೆ ಕತ್ತಲಾಗಿದ್ದರೆ ಹಗಲಲ್ಲೇ ದೀಪ ಹಾಕಬೇಕು. ನಾನು ಮಧ್ಯದ ದಾರಿ ಹಿಡಿಯುತ್ತೇನೆ. ಸೀಲಿಂಗ್ ಬಿಳಿ. ಗೋಡೆ ಕೆನೆಯ ಬಣ್ಣ, ತಿಳಿ ಮಣ್ಣಿನ ಬಣ್ಣ, ಅಥವಾ ತಿಳಿ ಬೂದು. ಕಂಪನಿಯ ಶೇಡ್ ವಿವರಗಳಲ್ಲಿ ಬೆಳಕು ಹಿಂದಿರುಗಿಸುವ ಪ್ರಮಾಣ ಎಲ್‌ಆರ್‌ವಿ ಅಂತ ಕೊಟ್ಟಿರುತ್ತಾರೆ, ಸೊನ್ನೆಯಿಂದ 100ರವರೆಗೆ. ಒಂದೇ ಕಿಟಕಿಯ ಕೋಣೆಗೆ 60ರ ಮೇಲಿನದ್ದನ್ನು ಆರಿಸಿ.

ಗಾಢ ಬಣ್ಣ ಬೇಕೇ ಬೇಕು ಅನ್ನಿಸಿದರೆ ಒಂದು ಗೋಡೆಗೆ ಮಾತ್ರ ಇರಲಿ. ಮುಂದೊಂದು ದಿನ ಅದನ್ನು ಬದಲಿಸಲು ಪ್ರೈಮರ್ ಮತ್ತು ಹೆಚ್ಚಿನ ಕೋಟು ಬೇಕಾಗುತ್ತದೆ ಅನ್ನುವುದು ನೆನಪಿರಲಿ. ನಾನಾದರೆ ಆ ಒಂದು ಗೋಡೆಗೆ ಕೆಮ್ಮಣ್ಣಿನ ಬಣ್ಣವನ್ನೇ ಕೊಡುತ್ತೇನೆ. ನಮ್ಮ ಸಾಗರ ಸೀಮೆಯ ದೀವರ ಸಮುದಾಯದ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿಯಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಪುಂಡಿ ನಾರೇ ಕುಂಚ. ಇಡೀ ಗೋಡೆಯಲ್ಲಿ ಅಂಗಡಿಯಿಂದ ತಂದದ್ದು ಒಂದೂ ಇರುವುದಿಲ್ಲ. ಆ ಕೆಂಪನ್ನು ನೋಡಿ ಬೆಳೆದವಳಿಗೆ ಬೇರೆ ಕೆಂಪು ರುಚಿಸುವುದಿಲ್ಲ.

ಅಂಗಡಿಯ ಸಣ್ಣ ಕಾರ್ಡ್ ನೋಡಿ ಬಣ್ಣ ನಿರ್ಧರಿಸಬೇಡಿ. ಎರಡಡಿ ಅಗಲದ ರಟ್ಟಿಗೆ ಹೊಡೆದು ಬೆಳಿಗ್ಗೆ, ಸಂಜೆ, ರಾತ್ರಿ ದೀಪದಲ್ಲಿ ಬೇರೆ ಬೇರೆ ಗೋಡೆಗೆ ಹಿಡಿದು ನೋಡಿ. ಮನಸ್ಸಿಗೆ ಒಗ್ಗದ ಬಣ್ಣ ಹೊಡೆಸಿ ಆರು ತಿಂಗಳಿಗೆ ಬದಲಿಸುವುದಕ್ಕಿಂತ ದೊಡ್ಡ ನಷ್ಟವಿಲ್ಲ.

ಬಣ್ಣವೇ ಬೇಡದ ಗೋಡೆಯೂ ಇದೆ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದ "ಅಸ್ತ್ರ" ಕೇಂದ್ರ ಬೆಳೆಸಿದ, ಯಂತ್ರದಲ್ಲಿ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯಿಂದ ಕಟ್ಟಿದ ಎಷ್ಟೋ ಮನೆಗಳಲ್ಲಿ ಒಳಗೋಡೆಗೆ ಗಾರೆಯೂ ಇಲ್ಲ, ಪೇಂಟೂ ಇಲ್ಲ. ಹೊಸ ಮನೆ ಕಟ್ಟುತ್ತಿರುವವರು ಮೇಸ್ತ್ರಿಯ ಹತ್ತಿರ ಈ ಮಾತನ್ನು ಈಗಲೇ ಆಡಿ.

ನಾನಾದರೆ ಹೀಗೆ ಮಾಡುತ್ತೇನೆ

ಮಣ್ಣು, ಕೆಂಪುಕಲ್ಲು, ಹಳೆಯ ಗಾರೆಯ ಗೋಡೆ: ಸುಣ್ಣ, ಎರಡನೇ ಮಾತಿಲ್ಲ. ಇನ್ನೂ ಪೇಂಟ್ ಕಾಣದ ಹೊಸ ಸಿಮೆಂಟ್ ಗಾರೆಯ ಗೋಡೆ: ಮಲಗುವ ಕೋಣೆ, ದೇವರ ಕೋಣೆಗೆ ಸುಣ್ಣ. ಅಡುಗೆಮನೆ, ಮಕ್ಕಳ ಕೋಣೆಗೆ ಕಡಿಮೆ ವಿಒಸಿ ಎಮಲ್ಷನ್, ಏಕೆಂದರೆ ಅಲ್ಲಿ ಒರೆಸಲು ಬರಬೇಕು. ಆಗಲೇ ಎಮಲ್ಷನ್ ಇರುವ ಫ್ಲ್ಯಾಟ್: ಮತ್ತೆ ಅದೇ, ಆದರೆ 30 ಗ್ರಾಂ ಒಳಗಿನದ್ದು. ಬಾಡಿಗೆ ಮನೆ: ಸಗಣಿ ಡಿಸ್ಟೆಂಪರ್, ಮಾಲೀಕರು ಒಪ್ಪಿದರೆ.

ಕಾಲವನ್ನೂ ನೋಡಿಕೊಳ್ಳಿ. ದೀಪಾವಳಿಗೆ ಮನೆ ಹೊಳೆಯಬೇಕು ಅಂತ ಎಲ್ಲರೂ ಅಕ್ಟೋಬರ್‌ನಲ್ಲೇ ಪೇಂಟರ್ ಹಿಂದೆ ಓಡುತ್ತಾರೆ. ಬೆಂಗಳೂರಿನಲ್ಲಿ ಅದು ಹಿಂಗಾರು ಮಳೆಯ ಸಮಯ. ಗೋಡೆ ಹಸಿ, ಕಿಟಕಿ ತೆಗೆಯುವ ಹಾಗಿಲ್ಲ, ಕೂಲಿಯೂ ದುಬಾರಿ. ಸಂಕ್ರಾಂತಿ ಕಳೆದು ಯುಗಾದಿಯ ಒಳಗೆ ಮಾಡಿಸಿ. ಗಾಳಿ ಒಣಗಿರುತ್ತದೆ, ಪೇಂಟರ್ ಕೂಡ ಅವಸರವಿಲ್ಲದೆ ಕೆಲಸ ಮಾಡುತ್ತಾರೆ.

ಕೆಲಸ ಮುಗಿದ ಮೇಲೆ ಬ್ರಷ್ ತೊಳೆದ ನೀರನ್ನು ಮಳೆನೀರಿನ ಚರಂಡಿಗೆ ಬಿಡಬೇಡಿ. ಬಕೆಟ್‌ನಲ್ಲಿ ತಳ ಕೂರಲು ಬಿಟ್ಟು, ಗಷ್ಟನ್ನು ಹಳೆ ಪೇಪರ್ ಮೇಲೆ ಒಣಗಿಸಿ. ಖಾಲಿ ಡಬ್ಬಿಗಳನ್ನು ಒಣಕಸಕ್ಕೆ ಸೇರಿಸಬೇಡಿ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಪೇಂಟ್ ಡಬ್ಬಿಯನ್ನು ಮನೆಯ ಅಪಾಯಕಾರಿ ಕಸದ ಪಟ್ಟಿಗೆ ಸೇರಿಸಿದ್ದರು. ಅದನ್ನು ಬೇರೆಯಾಗಿ ಕಟ್ಟಿ ಕೊಡಿ. ಅರ್ಧ ಲೀಟರ್ ಪೇಂಟ್ ಉಳಿದಿದ್ದರೆ ಚಿಕ್ಕ ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಶೇಡ್ ನಂಬರ್, ಕೋಣೆಯ ಹೆಸರು, ತಾರೀಕು ಬರೆದಿಡಿ. ಮಂಚ ಎಳೆದಾಗ ಗೋಡೆಗೆ ಗೀರು ಬಿದ್ದರೆ ಇಡೀ ಗೋಡೆಗೆ ಮತ್ತೆ ಬಳಿಸಬೇಕಿಲ್ಲ, ಅಷ್ಟೇ ಜಾಗಕ್ಕೆ ಹಚ್ಚಬಹುದು.